ಗುಂಯ್ ಅನ್ನುವ ಪೆಟ್ಟಿಗೆಯೂ ಮೂರನೆಯ ಪಿನ್ನೂ

ಕಳೆದ ಸಂಚಿಕೆಯಲ್ಲಿ ಉಪ್ಪಿನಕಾಯಿ ಜಾಡಿಗೆ ಬೂಷ್ಟು ಹಿಡಿಯದ ಹಾಗೆ ನೋಡಿಕೊಳ್ಳುವುದು ಹೇಗೆ ಅಂತ ಬರೆದಿದ್ದೆ. ಅದಕ್ಕೆ ಬಂದ ಕಾಗದಗಳಲ್ಲಿ ಗುಬ್ಬಿ ಕಡೆಯ ಸೋದರಿಯೊಬ್ಬರದು ಬೇರೆಯೇ ತರಹ ಇತ್ತು. ಉಪ್ಪಿನಕಾಯಿಗೆ ಒಂದೇ ಸಾಲು. ಉಳಿದ ಎರಡು ಪುಟ ಪೂರಾ ಮನೆಯ ಹೋಂ ಥಿಯೇಟರಿನ ಮೇಲಿನ ದೂರು. ಮಗ ಮೊದಲ ಸಂಬಳ ಕೂಡಿಸಿ ತಂದದ್ದಂತೆ. ಐದು ಸ್ಪೀಕರು, ನೆಲದ ಮೇಲೆ ಕೂರುವ ಒಂದು ದಪ್ಪ ಬೇಸ್ ಡಬ್ಬ, ಇವಕ್ಕೆಲ್ಲ ಹಿರಿಯಣ್ಣನ ಹಾಗೆ ಟೀವಿ ಕೆಳಗೆ ಕೂತ ರಿಸೀವರ್ ಪೆಟ್ಟಿಗೆ. ಸಿನಿಮಾ ಹಾಕಿದಾಗ ಎಲ್ಲಾ ಚೆಂದ. ಆದರೆ ತೆರೆಯ ಮೇಲೆ ಮಾತು ನಿಂತ ಕೂಡಲೆ ಹಿಂದಿನಿಂದ ಗುಂಯ್ ಅಂತ ಒಂದೇ ಸಮನೆ ಸದ್ದು. ಗಂಡನಿಗೆ ಅದು ಕೇಳಿಸುವುದೇ ಇಲ್ಲ. ಮಗನಿಗೆ ಕೇಳಿಸಿದರೂ ಲೆಕ್ಕಕ್ಕಿಲ್ಲ. ಕೊನೆಗೆ ರಿಪೇರಿ ಹುಡುಗನೊಬ್ಬ ಬಂದು ಪ್ಲಗ್ಗಿನ ಮೂರನೆಯ ಪಿನ್ನನ್ನು ಕಟಿಂಗ್ ಪ್ಲೇಯರಿನಲ್ಲಿ ಮುರಿದು ಹಾಕಿದನಂತೆ. ಸದ್ದು ತಕ್ಷಣ ನಿಂತಿತು. ಇದು ಸರಿಯಾ ಅಕ್ಕಾ ಅಂತ ಕಾಗದದ ಕೊನೆಯಲ್ಲಿ ಕೇಳಿದ್ದಾರೆ.

ಸರಿಯಲ್ಲ ತಂಗಿ. ಈ ಸಂಚಿಕೆ ಕೈಗೆ ಬಂದ ಕೂಡಲೆ ಆ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಪಕ್ಕಕ್ಕಿಡಿ. ಹೊಸ ಪ್ಲಗ್ಗು ಹಾಕಿಸುವ ತನಕ ಸಿನಿಮಾ ಬೇಡ. ಹಾಡು ಬೇಕಾದರೆ ರೇಡಿಯೋ ಇದೆ.

ಅಡುಗೆಯ ಮಾತು ಬಿಟ್ಟು ಈ ಸಲ ಇದನ್ನೇ ಬರೆಯೋಣ ಅನ್ನಿಸಿದ್ದಕ್ಕೆ ಕಾರಣ ಉಂಟು. ನಮ್ಮ ಕ್ಯಾತ್ಸಂದ್ರದಲ್ಲಿ, ನಮ್ಮ ಬೀದಿಯಲ್ಲೇ, ಹೀಗೆ ಪಿನ್ನು ಮುರಿದ ಪ್ಲಗ್ಗು ಎರಡು ಮನೆಯಲ್ಲಿ ಕಂಡಿದ್ದೇನೆ. ಒಂದು ಮನೆಯಲ್ಲಂತೂ ನೆಲ ಒರೆಸಿ ಎದ್ದ ಸೊಸೆ ಒದ್ದೆ ಕೈಯಲ್ಲಿ ಪೆಟ್ಟಿಗೆಯ ಮೇಲಿನ ಧೂಳು ಒರೆಸಲು ಹೋಗಿ ಜುಂ ಅಂತ ಕೈ ಎಳೆದುಕೊಂಡಳು. ಆಯಸ್ಸು ಗಟ್ಟಿ ಇತ್ತು. ಮನೆಯ ಗಂಡಸರು ಸದ್ದು ನಿಂತಿತು ಅಂತ ಖುಷಿಪಡುತ್ತಾರೆ. ಆ ಪೆಟ್ಟಿಗೆ ಒರೆಸುವವರು ಯಾರು ಹೇಳಿ? ನಾವೇ ಅಲ್ವೇ?

ನಮ್ಮೂರಿನವರಿಗೆ ಸದ್ದು ಹೊಸದಲ್ಲ. ಒಂದು ಕಡೆ ಹೆದ್ದಾರಿಯ ಲಾರಿಗಳು, ಇನ್ನೊಂದು ಕಡೆ ರೈಲು. ಶಿವರಾತ್ರಿ ಹೊತ್ತಿಗೆ ಸಿದ್ಧಗಂಗೆ ಜಾತ್ರೆ ಬಂತೆಂದರೆ ಮೈಕಿನ ಸದ್ದು ಬೇರೆ. ಇವೆಲ್ಲ ಒಗ್ಗಿಹೋಗಿ ನಿದ್ದೆಗೂ ಅಡ್ಡಿಯಾಗುವುದಿಲ್ಲ. ಆದರೆ ಮನೆಯೊಳಗೆ, ಮಧ್ಯಾಹ್ನ ಎಲ್ಲರೂ ಹೊರಗೆ ಹೋದ ಮೇಲೆ, ಯಾವುದೋ ಮೂಲೆಯಿಂದ ಬರುವ ಈ ಗುಂಯ್ ಇದೆಯಲ್ಲ, ಅದು ಹಾಗಲ್ಲ. ಒಮ್ಮೆ ಕಿವಿಗೆ ಬಿತ್ತು ಅಂದರೆ ಮತ್ತೆ ಬಿಡೋದಿಲ್ಲ. ಮನೆಯಲ್ಲಿ ಹೆಚ್ಚು ಹೊತ್ತು ಇರುವವರಿಗೇ ಇದು ಮೊದಲು ಕೇಳಿಸುವುದು ಸಹಜ. ಕಿವಿ ಸೂಕ್ಷ್ಮ, ಭ್ರಮೆ ಅಂತ ಯಾರಾದರೂ ಅಂದರೆ ತಲೆಗೆ ಹಚ್ಚಿಕೊಳ್ಳಬೇಡಿ.

ಒಂದು ಮಾತು ಮಾತ್ರ. ಮೇನ್ ಸ್ವಿಚ್ಚನ್ನೇ ಆಫ್ ಮಾಡಿದರೂ ಗುಂಯ್ ಅನ್ನುವುದು ನಿಲ್ಲದಿದ್ದರೆ ಅದು ಪೆಟ್ಟಿಗೆಯದಲ್ಲ, ಕಿವಿಯದು. ವಯಸ್ಸಾದವರಿಗೆ ಹೀಗಾಗುವುದುಂಟು. ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಇಂಥದ್ದನ್ನು ನೋಡುತ್ತಾರೆ.

ಈಗ ಪೆಟ್ಟಿಗೆಯ ವಿಷಯಕ್ಕೆ ಬರೋಣ. ಸ್ಪೀಕರಿನಿಂದ ಬರುವ ಬೇಡದ ಸದ್ದುಗಳಲ್ಲಿ ಎರಡು ಜಾತಿ. ಒಗ್ಗರಣೆಗೆ ಹಸಿಮೆಣಸಿನಕಾಯಿ ಬಿದ್ದ ಹಾಗೆ ಸುಸ್ ಅನ್ನುವುದು ಒಂದು. ಜೇನುನೊಣದ ಹಾಗೆ ಗುಂಯ್ ಅನ್ನುವುದು ಇನ್ನೊಂದು. ಸುಸ್ ಅನ್ನುವುದಕ್ಕೆ ಹೆದರಬೇಕಾದ್ದೇನಿಲ್ಲ. ಸಣ್ಣ ದನಿಯನ್ನು ದೊಡ್ಡದು ಮಾಡುವ ಯಾವ ಯಂತ್ರವೂ ಸ್ವಲ್ಪ ಉಸಿರಾಡಿಯೇ ಆಡುತ್ತದೆ. ಸ್ಪೀಕರಿಗೆ ಕಿವಿ ಇಟ್ಟರೆ ಕೇಳಿಸುತ್ತೆ, ಸೋಫಾದಲ್ಲಿ ಕೂತರೆ ಕೇಳಿಸುವುದಿಲ್ಲ ಅಂತಾದರೆ ಬಿಟ್ಟುಬಿಡಿ. ಸೆಟ್‌ಟಾಪ್ ಬಾಕ್ಸಿನ ಸೌಂಡು ತೀರಾ ಸಣ್ಣಗಿಟ್ಟು ರಿಸೀವರಿನ ಸೌಂಡು ತೀರಾ ಜೋರಾಗಿಟ್ಟರೆ ಸುಸ್ ಹೆಚ್ಚುತ್ತದೆ. ಬಾಕ್ಸಿನದನ್ನು ಏರಿಸಿ, ರಿಸೀವರಿನದನ್ನು ಇಳಿಸಿ. ಅಲ್ಲಿಗೆ ಆಯಿತು.

ಕ್ಯಾಸೆಟ್ ಕಾಲದಲ್ಲಿ ಈ ಸುಸ್ ಬಹಳ ಇತ್ತು, ನೆನಪಿದೆಯಾ? ಟೂ ಇನ್ ಒನ್‌ನಲ್ಲಿ ಹಾಡು ಶುರುವಾಗುವ ಮುಂಚೆ ಸ್ವಲ್ಪ ಹೊತ್ತು ಬರೀ ಸುಸ್. ಅದನ್ನು ಅಡಗಿಸುವ ಉಪಾಯ ಕಂಡುಹಿಡಿದವರು ರೇ ಡಾಲ್ಬಿ ಎಂಬ ಅಮೆರಿಕದ ವಿಜ್ಞಾನಿ. ಮೆಲ್ಲಗಿನ ದನಿಯನ್ನು ಟೇಪಿಗೆ ತುಂಬುವಾಗ ಎತ್ತಿಡುವುದು, ನುಡಿಸುವಾಗ ಅಷ್ಟೇ ಇಳಿಸುವುದು. ಇಳಿಸುವಾಗ ಟೇಪಿನ ಸುಸ್ ಕೂಡ ಜೊತೆಗೇ ಇಳಿದುಹೋಗುತ್ತದೆ. ಈ ಮಹಾಶಯರು ೧೯೬೩ರಿಂದ ಎರಡು ವರ್ಷ ವಿಶ್ವಸಂಸ್ಥೆಯ ಕಡೆಯಿಂದ ಸಲಹೆಗಾರರಾಗಿ ನಮ್ಮ ಭಾರತದಲ್ಲೇ ಇದ್ದರು. ೧೯೬೫ರಲ್ಲಿ ಲಂಡನ್ನಿಗೆ ಹೋಗಿ ಕಂಪನಿ ಶುರುಮಾಡಿದರು. ಅವರ ಹೆಸರೇ ಇವತ್ತು ನಮ್ಮ ಪೆಟ್ಟಿಗೆಗಳ ಮೇಲಿರುವುದು. ಬೆಳಗಾವಿ ಕಡೆ ಗಣಪತಿ ಮೆರವಣಿಗೆಯಲ್ಲಿ ಎದೆ ನಡುಗಿಸುವ ಸ್ಪೀಕರ್ ಸಾಲಿಗೂ ಡಾಲ್ಬಿ ಅಂತಲೇ ಕರೀತಾರೆ. ಸದ್ದು ಅಡಗಿಸಲು ಹೊರಟವರ ಹೆಸರಿಗೆ ಬಂದ ಗತಿ ನೋಡಿ! ‘ಡಾಲ್ಬಿ ಅಂತ ಬರೆದಿದೆಯಲ್ಲ, ಮತ್ತೆ ಯಾಕೆ ಗುಂಯ್ ಅನ್ನುತ್ತೆ’ ಅಂತ ನಮ್ಮ ಮನೆಯವರೂ ಕೇಳಿದ್ದರು. ಈಗಿನ ಪೆಟ್ಟಿಗೆಯ ಮೇಲೆ ಆ ಹೆಸರಿರುವುದು ಸುತ್ತ ಐದೂ ಸ್ಪೀಕರಿಗೆ ದನಿ ಹಂಚುವ ಕೆಲಸಕ್ಕೆ. ಗೋಡೆಯಿಂದ ಬರುವ ಗುಂಯ್‌ಗೂ ಅದಕ್ಕೂ ಸಂಬಂಧವಿಲ್ಲ.

ಗುಂಯ್ ಅನ್ನುವುದು ಮನೆಯ ಕರೆಂಟಿನದೇ ದನಿ. ನಮ್ಮ ಮನೆಗಳಿಗೆ ಬರುವ ೨೩೦ ವೋಲ್ಟಿನ ಕರೆಂಟು ಸೆಕೆಂಡಿಗೆ ೫೦ ಸಲ ಹಿಂದೆ ಮುಂದೆ ತೂಗಾಡುತ್ತದೆ. ಅದು ಹಾಡಿನ ದಾರಿಯೊಳಗೆ ನುಸುಳಿದರೆ ೫೦ರದೋ ೧೦೦ರದೋ ಸ್ವರವಾಗಿ ಕೇಳಿಸುತ್ತೆ. ಹಾರ್ಮೋನಿಯಂನ ಬಿಳಿ ಐದನೆಯ ಮನೆಯ ಮಂದ್ರ ಸ್ವರ ಸುಮಾರು ೯೮. ಹಾಗಾಗಿ ೧೦೦ರ ಗುಂಯ್ ಅದಕ್ಕೆ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತದೆ. ಸಂಗೀತ ಕಲಿತವರಿಗೆ ಇದು ಹೆಚ್ಚು ಹಿಂಸೆ ಯಾಕೆ ಅಂತ ಈಗ ತಿಳಿಯಿತಲ್ಲ, ಶ್ರುತಿ ಸೇರಿತು ಅನ್ನುವಷ್ಟರಲ್ಲಿ ಸೇರಿರುವುದಿಲ್ಲ!

ನಮ್ಮ ಮನೆಯಲ್ಲಿ ಈ ಸದ್ದು ಶುರುವಾಗಿ ಎರಡು ವರ್ಷವಾಗಿರಬೇಕು. ತಂದ ಅಂಗಡಿಯಲ್ಲಿ ಹೇಳಿದರೆ, ಹಳೇ ಮಾಡೆಲ್ಲು, ಹೊಸದು ತಗೊಳ್ಳಿ, ಹಳೆಯದಕ್ಕೆ ಇಷ್ಟು ಹಿಡಿದುಕೊಳ್ತೀವಿ ಅಂದರು. ನಮ್ಮ ಮನೆಯವರು ಅರ್ಧ ಮನಸ್ಸು ಮಾಡಿಯೂ ಆಗಿತ್ತು. ಮಗಳ ಕಾಲೇಜಿನ ಫೀಜಿಗೆ ಅಂತ ಎತ್ತಿಟ್ಟ ಗಂಟಿಗೆ ಕೈ ಹೋಗುತ್ತದೆ ಅಂತ ನಾನು ತಡೆದೆ. ನಮ್ಮ ಮಾವನವರ ಕಾಲದಿಂದ ನಮ್ಮ ಬೀದಿಯ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದ ಅಣ್ಣ ಒಬ್ಬರಿದ್ದಾರೆ. ಈಗ ವಯಸ್ಸಾಗಿದೆ, ಏಣಿ ಹತ್ತೋದಿಲ್ಲ. ಮೊದಲು ಅವರು ನೋಡಲಿ ಅಂತ ಕರೆಸಿದೆ. ಬಂದವರು ಸ್ಕ್ರೂಡ್ರೈವರ್ ಹೊರಗೆ ತೆಗೆಯಲೇ ಇಲ್ಲ. ಕಾಫಿ ಕುಡಿದು, ಪೆಟ್ಟಿಗೆ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ‘ತಾಯೀ, ಸೌಂಡು ಪೂರ್ತಿ ಇಳಿಸು’ ಅಂದರು.

ಅವರು ಅವತ್ತು ಮಾಡಿಸಿದ್ದೆಲ್ಲ ಕೈಯಿಂದ ಮಾಡಬಹುದಾದ ಪರೀಕ್ಷೆಗಳು. ಪೆಟ್ಟಿಗೆ ಬಿಚ್ಚುವ ಕೆಲಸ ಒಂದೂ ಇಲ್ಲ. ಅದಕ್ಕೇ ನಿಮಗೂ ಹೇಳುತ್ತಿದ್ದೇನೆ.

ಮೊದಲು ಸದ್ದು ಎಲ್ಲಿಂದ ಅಂತ ನೋಡಬೇಕು. ಸ್ಪೀಕರಿನಿಂದಲೋ, ರಿಸೀವರ್ ಪೆಟ್ಟಿಗೆಯ ಮೈಯಿಂದಲೋ? ಪೆಟ್ಟಿಗೆಯೇ ನಡುಗಿ ಗುಂಯ್ ಅಂದರೆ ಒಳಗಿನ ಟ್ರಾನ್ಸ್‌ಫಾರ್ಮರಿನ ತಗಡುಗಳು ಅದುರುತ್ತಿವೆ ಅಂತ ಅರ್ಥ. ಕೆಳಗೆ ದಪ್ಪ ರಬ್ಬರ್ ಬಿಲ್ಲೆ ಇಟ್ಟರೆ ಶೋಕೇಸಿನ ಹಲಗೆ ಜೊತೆಗೆ ನಡುಗುವುದಾದರೂ ನಿಲ್ಲುತ್ತದೆ. ಸ್ಪೀಕರಿನಿಂದ ಬಂದರೆ ಮಾತು ಬೇರೆ. ಸೌಂಡು ಪೂರ್ತಿ ಇಳಿಸಿದರೂ ಗುಂಯ್ ಅಷ್ಟೇ ಇದ್ದರೆ ಪೆಟ್ಟಿಗೆಯ ಒಳಗಿನದು ಅಥವಾ ಬೇಸ್ ಡಬ್ಬದ್ದು. ಸೌಂಡು ಏರಿಸಿದಂತೆ ಗುಂಯ್ ಕೂಡ ಏರಿದರೆ ಹೊರಗಿನಿಂದ ಯಾವುದೋ ವೈರು ಹೊತ್ತು ತರುತ್ತಿದೆ. ನಮ್ಮದು ಏರುತ್ತಿತ್ತು.

ಆಮೇಲೆ ಪೆಟ್ಟಿಗೆ ಆಫ್ ಮಾಡಿಸಿ ಅದರ ಬೆನ್ನಿಗೆ ಚುಚ್ಚಿದ ಎಲ್ಲಾ ವೈರನ್ನೂ ತೆಗೆಸಿದರು. ಸ್ಪೀಕರ್ ವೈರು ಮಾತ್ರ ಉಳಿಯಿತು. ಯಾವ ವೈರು ಎಲ್ಲಿದ್ದದ್ದು ಅಂತ ಮೊದಲೇ ಮೊಬೈಲಿನಲ್ಲಿ ಫೋಟೋ ಹಿಡಿದಿಟ್ಟುಕೊಳ್ಳಿ, ಇಲ್ಲದಿದ್ದರೆ ಸಂಜೆ ಮನೆಯವರ ಹತ್ತಿರ ಮಾತು ಕೇಳಬೇಕಾಗುತ್ತೆ. ಆನ್ ಮಾಡಿದರೆ ಮೌನ. ಆ ಮೌನ ಕೇಳಿ ನನಗೆ ಎಷ್ಟು ಹಾಯೆನಿಸಿತು ಅಂದರೆ, ಹಾಗೇ ಇರಲಿ ಬಿಡಿ ಅನ್ನೋಣ ಅನ್ನಿಸಿತು! ‘ಪೆಟ್ಟಿಗೇದೇನೂ ತಪ್ಪಿಲ್ಲ ಕಣ್ ತಾಯಿ’ ಅಂದರು ಅಣ್ಣ. ಮತ್ತೆ ಒಂದೊಂದೇ ವೈರು ಸೇರಿಸುತ್ತಾ ಬಂದೆವು. ಪ್ರತಿ ಸಲವೂ ಆಫ್ ಮಾಡಿ ಸೇರಿಸುವುದು, ಆನ್ ಮಾಡಿ ಕೇಳುವುದು. ಡಿವಿಡಿ ಸೇರಿಸಿದರೂ ಮೌನ. ಬೇಸ್ ಡಬ್ಬ ಸೇರಿಸಿದರೂ ಮೌನ. ಸೆಟ್‌ಟಾಪ್ ಬಾಕ್ಸಿನ ಕೆಂಪು ಬಿಳಿ ಪಿನ್ನು ಸಿಕ್ಕಿಸಿದ್ದೇ ತಡ, ಗುಂಯ್! ಬಾಕ್ಸಿನ ಹಿಂದೆ ತಿರುಪಿ ಕೂರಿಸಿದ್ದ, ಬೀದಿ ಕಂಬದಿಂದ ಬರುವ ಕೇಬಲ್ ವೈರನ್ನು ಬಿಚ್ಚಿದರೆ ಮತ್ತೆ ಮೌನ. ಕಳ್ಳ ಸಿಕ್ಕಿದ.

ಇದು ಹೇಗೆ ಅಂತ ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ನಾನು ಓದಿದ್ದು ಹೈಸ್ಕೂಲಿನವರೆಗೆ, ಹಾಗಾಗಿ ನನಗೆ ತಿಳಿದರೆ ನಿಮಗೂ ತಿಳಿಯುತ್ತದೆ. ರಿಸೀವರಿನ ಲೋಹದ ಮೈ ಪ್ಲಗ್ಗಿನ ಮೂರನೆಯ ಪಿನ್ನಿನ ಮೂಲಕ ನಮ್ಮ ಮನೆಯ ಅರ್ತ್ ಗುಂಡಿಗೆ ಸೇರಿದೆ. ಕೇಬಲ್ ವೈರಿನ ಹೊರಗಿನ ಬಲೆಯಂಥ ಕವಚ ಬೀದಿಯ ಕಂಬಗಳ ಮೇಲೆ ಹಾದು ಬೇರೆಲ್ಲೋ ನೆಲಕ್ಕೆ ಸೇರಿದೆ. ಎರಡು ನೆಲ, ಎರಡರ ಮಟ್ಟ ಒಂದೇ ಇರುವುದಿಲ್ಲ. ಎರಡು ಮನೆಯ ಸಂಪಿಗೆ ನಡುವೆ ಪೈಪು ಹಾಕಿದರೆ ಮೇಲಿನ ಮಟ್ಟದಿಂದ ಕೆಳಗಿನ ಮಟ್ಟಕ್ಕೆ ನೀರು ಹರಿಯುವುದಿಲ್ಲವೇ, ಹಾಗೆ ಈ ಎರಡು ನೆಲದ ನಡುವೆ ಸಣ್ಣ ಕರೆಂಟು ಹರಿಯುತ್ತದೆ. ಪೈಪಿನ ಕೆಲಸ ಮಾಡುತ್ತಿರುವುದು ಹಾಡು ತರುವ ವೈರಿನ ಕವಚ. ಪಾಪ, ರಿಸೀವರಿಗೇನು ಗೊತ್ತು, ಅದನ್ನೂ ಹಾಡು ಅಂತಲೇ ತಿಳಿದು ದೊಡ್ಡದು ಮಾಡಿ ಕೇಳಿಸುತ್ತದೆ. ಅರ್ತ್ ಲೂಪ್ ಅಂತ ಇದಕ್ಕೆ ಹೆಸರು.

ಮೂರನೆಯ ಪಿನ್ನು ಮುರಿದರೆ ಸದ್ದು ನಿಲ್ಲುವುದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ನಮ್ಮ ಮನೆಯ ನೆಲದ ಸಂಬಂಧವೇ ಹರಿದುಹೋಯಿತು, ಸುತ್ತು ಪೂರ್ತಿಯಾಗಲಿಲ್ಲ, ಗುಂಯ್ ನಿಂತಿತು. ಮುರಿದವನ ಮಾತು ಕೆಲಸ ಮಾಡಿತು ಅಂತಲೇ ಎಲ್ಲರೂ ನಂಬುವುದು. ಆದರೆ ಆ ಪಿನ್ನು ಇರುವುದು ಹಾಡಿಗಲ್ಲ. ಪೆಟ್ಟಿಗೆಯೊಳಗೆ ಯಾವತ್ತೋ ಒಂದು ವೈರು ಸುಟ್ಟೋ ಸವೆದೋ ಇಲಿ ಕಡಿದೋ ಲೋಹದ ಮೈಗೆ ತಾಗಿತು ಅನ್ನಿ. ಪಿನ್ನು ಇದ್ದರೆ ಕರೆಂಟು ಅರ್ತಿಗೆ ನುಗ್ಗುತ್ತದೆ, ಫ್ಯೂಸು ಹೋಗುತ್ತದೆ, ಮನೆ ಕತ್ತಲಾಗುತ್ತದೆ, ನಾವು ಗೊಣಗುತ್ತೇವೆ. ಪಿನ್ನು ಇಲ್ಲದಿದ್ದರೆ ಫ್ಯೂಸು ಹೋಗುವುದಿಲ್ಲ. ದೀಪ ಉರಿಯುತ್ತಿರುತ್ತದೆ, ಹಾಡು ಬರುತ್ತಿರುತ್ತದೆ, ಪೆಟ್ಟಿಗೆಯ ಮೈಯಲ್ಲಿ ೨೩೦ ವೋಲ್ಟು ಕಾದು ಕೂತಿರುತ್ತದೆ. ಮೊದಲು ಮುಟ್ಟಿದವರ ಮೈಯೇ ಅದಕ್ಕೆ ದಾರಿ. ಅದೂ ಬರಿಗಾಲಲ್ಲಿ, ಒರೆಸಿದ ನೆಲದ ಮೇಲೆ ನಿಂತಿದ್ದರೆ ಕೇಳಬೇಕೇ.

ಪ್ಲಗ್ಗನ್ನು ಕೈಯಲ್ಲಿ ಹಿಡಿದು ನೋಡಿ. ಮೂರನೆಯ ಪಿನ್ನು ಉಳಿದೆರಡಕ್ಕಿಂತ ದಪ್ಪ, ಉದ್ದ. ಚೆಂದಕ್ಕೆ ಮಾಡಿದ್ದಲ್ಲ. ಚುಚ್ಚುವಾಗ ಅದು ಮೊದಲು ತಾಗಬೇಕು, ಕೀಳುವಾಗ ಕೊನೆಯಲ್ಲಿ ಬಿಡಬೇಕು ಅಂತಲೇ ಹಾಗೆ ಮಾಡಿರುವುದು. ಮನೆಯ ಹಿರಿಯರು ಮೊದಲು ಬಾಗಿಲು ತೆಗೆದು ಕೊನೆಗೆ ಬಾಗಿಲು ಹಾಕುವುದಿಲ್ಲವೇ, ಹಾಗೆ. ಅಂಗಡಿಗಳಲ್ಲಿ ಮೂರು ಪಿನ್ನನ್ನು ಎರಡು ಮಾಡುವ ಬಿಳಿಯ ಸಣ್ಣ ಪ್ಲಗ್ಗು ಸಿಗುತ್ತದೆ. ಅದನ್ನು ಹಾಕುವುದೂ ಒಂದೇ, ಪಿನ್ನು ಮುರಿಯುವುದೂ ಒಂದೇ.

ಇನ್ನೂ ಒಂದು ಭಯ ಅಣ್ಣ ಹೇಳಿದರು, ನಾನು ಯೋಚಿಸಿಯೇ ಇರಲಿಲ್ಲ. ಪಿನ್ನಿಲ್ಲದ ಪೆಟ್ಟಿಗೆಯ ಮೈಗೆ ಕರೆಂಟು ಬಂದರೆ ಅದು ಹಾಡಿನ ವೈರಿನ ಕವಚ ಹಿಡಿದು ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಕೇಬಲ್ ವೈರಿಗೆ ಹೋಗಬಹುದು. ಪಕ್ಕದ ಮನೆಯವರು ಟೀವಿ ಹಿಂದೆ ಕೈ ಹಾಕಿರುತ್ತಾರೆ. ಕೇಬಲ್ ಹುಡುಗ ಕಂಬದ ಮೇಲಿರುತ್ತಾನೆ. ನಮ್ಮ ಮನೆಯ ಸಿನಿಮಾಕ್ಕೆ ಅವನ ತಾಯಿ ಯಾಕೆ ಅಳಬೇಕು?

ಎರಡೇ ಪಿನ್ನಿನ ಸಾಮಾನುಗಳ ಗತಿ ಏನು ಅಂತ ಕೇಳಬಹುದು. ಎಷ್ಟೋ ಟೀವಿ, ಸೆಟ್‌ಟಾಪ್ ಬಾಕ್ಸು ಕಂಪನಿಯಿಂದಲೇ ಎರಡು ಪಿನ್ನಿನಲ್ಲಿ ಬರುತ್ತವೆ. ಅವುಗಳ ಬೆನ್ನಿನ ಚೀಟಿಯಲ್ಲಿ ಚೌಕದೊಳಗೆ ಇನ್ನೊಂದು ಚೌಕದ ಗುರುತು ಇರುತ್ತದೆ. ಒಳಗೆ ಎರಡು ಪದರ ರಕ್ಷಣೆ ಇದೆ, ಅರ್ತ್ ಬೇಡ ಅಂತ ಅದರ ಅರ್ಥ. ಮೂರು ಪಿನ್ನಿನಲ್ಲಿ ಬಂದದ್ದಕ್ಕೆ ಮೂರೂ ಬೇಕು, ಅಷ್ಟೇ.

ಸರಿ, ಕಳ್ಳ ಸಿಕ್ಕಿದ ಮೇಲೆ ನಮ್ಮ ಮನೆಯಲ್ಲಿ ಏನು ಮಾಡಿದೆವು? ಕೇಬಲ್ ವೈರು ಬಾಕ್ಸಿಗೆ ಸೇರುವ ಕಡೆ ನಡುವೆ ಕೂರಿಸುವ ಬೆರಳುದ್ದದ ಒಂದು ಸಾಮಾನು ಸಿಗುತ್ತದೆ, ಗ್ಯಾಲ್ವಾನಿಕ್ ಐಸೊಲೇಟರ್ ಅಂತ. ಚಿತ್ರವನ್ನು ಬಿಡುತ್ತದೆ, ನೆಲದ ಕರೆಂಟನ್ನು ಬಿಡುವುದಿಲ್ಲ. ತುಮಕೂರಿನಲ್ಲಿ ಮೂರು ಅಂಗಡಿ ಸುತ್ತಿದರೂ ಸಿಗದೆ ಕೊನೆಗೆ ಬೆಂಗಳೂರಿಂದ ಮೈದುನ ತಂದುಕೊಟ್ಟ. ಹೊಸ ಪೆಟ್ಟಿಗೆಯ ಬೆಲೆಯ ಮುಂದೆ ಅದರ ಬೆಲೆ ಲೆಕ್ಕಕ್ಕೇ ಇಲ್ಲ. ಮಗಳ ಫೀಜಿನ ಗಂಟು ಹಾಗೇ ಉಳಿಯಿತು.

ಮಹಡಿ ಮೇಲೆ ಡಿಶ್ ಇರುವವರಿಗೆ ಈ ಸಾಮಾನು ಸಾಮಾನ್ಯವಾಗಿ ನಡೆಯುವುದಿಲ್ಲ. ಡಿಶ್ಶಿನ ಮೂತಿಗೆ ಬೇಕಾದ ಕರೆಂಟು ಅದೇ ವೈರಿನಲ್ಲಿ ಮೇಲೆ ಹೋಗಬೇಕಲ್ಲ, ಇದು ಅದನ್ನೂ ತಡೆದುಬಿಡುತ್ತದೆ. ಅವರು ಬೇರೆ ದಾರಿ ಹಿಡಿಯಬೇಕು. ಬಾಕ್ಸಿನ ಅಥವಾ ಟೀವಿಯ ಬೆನ್ನಲ್ಲಿ ಆಪ್ಟಿಕಲ್ ಅಂತ ಬರೆದ ಸಣ್ಣ ಚೌಕದ ಕಿಂಡಿ ಇದೆಯಾ ನೋಡಿ, ಒಳಗೆ ಕೆಂಪು ಬೆಳಕು ಮಿಣಮಿಣ ಅನ್ನುತ್ತಿರುತ್ತದೆ. ರಿಸೀವರಿನಲ್ಲೂ ಅಂಥದೇ ಕಿಂಡಿ ಇದ್ದರೆ ಎರಡಕ್ಕೂ ಆಪ್ಟಿಕಲ್ ವೈರು ಹಾಕಿ. ಅದರಲ್ಲಿ ಹರಿಯುವುದು ಬೆಳಕು, ತಾಮ್ರವಿಲ್ಲ, ಹಾಗಾಗಿ ಗುಂಯ್ ಆ ವೈರಿನಲ್ಲಿ ದಾಟುವುದಿಲ್ಲ. ಆದರೆ ಅದೇ ಎರಡು ಪೆಟ್ಟಿಗೆಯ ನಡುವೆ ಎಚ್‌ಡಿಎಂಐ ವೈರೋ ಹಳೆಯ ಕೆಂಪು ಬಿಳಿ ವೈರೋ ಜೊತೆಗೆ ಉಳಿದಿದ್ದರೆ ಗುಂಯ್ ಅದರ ಮೈ ಹಿಡಿದು ಬರುತ್ತದೆ. ಆಪ್ಟಿಕಲ್ ಹಾಕಿಯೂ ಹೋಗಲಿಲ್ಲ ಅಂತ ಹೇಳುವವರು ಇದನ್ನು ನೋಡಿಕೊಳ್ಳಿ.

ಇದ್ಯಾವುದನ್ನೂ ಕೊಳ್ಳುವ ಮುಂಚೆ ಬಿಟ್ಟಿಯಾಗಿ ಆಗುವುದನ್ನು ಮಾಡಿ. ಟೀವಿ, ಬಾಕ್ಸು, ರಿಸೀವರು, ಬೇಸ್ ಡಬ್ಬ ಎಲ್ಲವನ್ನೂ ಒಂದೇ ಸ್ವಿಚ್ ಬೋರ್ಡಿನಿಂದ ತೆಗೆದ ಒಂದೇ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಹಾಲಿನ ಆ ಮೂಲೆಯಲ್ಲಿ ಒಂದು, ಈ ಮೂಲೆಯಲ್ಲಿ ಒಂದು ಅಂತ ಬೇಡ. ಎಷ್ಟೋ ಮನೆಗಳ ಗುಂಯ್ ಇಷ್ಟಕ್ಕೇ ಇಳಿಯುತ್ತದೆ. ಶೋಕೇಸಿನ ಹಿಂದೆ ಎಲ್ಲಾ ವೈರನ್ನೂ ಒಂದೇ ಜಡೆ ಹೆಣೆದು ರಬ್ಬರ್ ಬ್ಯಾಂಡ್ ಹಾಕಿ ಇಡುತ್ತೇವಲ್ಲ, ಅಚ್ಚುಕಟ್ಟು ಅಂತ, ಅದು ಇಲ್ಲಿ ಕೆಲಸಕ್ಕೆ ಬಾರದು. ಕರೆಂಟಿನ ವೈರು ಬೇರೆ, ಹಾಡಿನ ವೈರು ಬೇರೆ, ನಡುವೆ ಒಂದು ಗೇಣು ಬಿಡಿ. ದಾಟಲೇಬೇಕಾದ ಕಡೆ ಕೂಡಿಸುವ ಚಿಹ್ನೆಯ ಹಾಗೆ ಅಡ್ಡಡ್ಡ ದಾಟಿಸಿ. ಕೆಂಪು ಬಿಳಿ ಪಿನ್ನುಗಳನ್ನು ವರ್ಷಕ್ಕೊಮ್ಮೆ ಕಿತ್ತು, ಒಣ ಬಟ್ಟೆಯಲ್ಲಿ ಒರೆಸಿ, ತಿರುಗಿಸಿ ಒತ್ತಿ ಕೂರಿಸಿ. ಆ ಹೊತ್ತಿಗೆ ಹಿಂದೆ ಜಿರಲೆ ಸಂಸಾರ ಹೂಡಿದೆಯಾ ಅಂತಲೂ ಗೊತ್ತಾಗುತ್ತೆ.

ಗುಂಯ್ ಯಾವಾಗಲೂ ಇಲ್ಲ, ಕೆಲವು ಹೊತ್ತು ಮಾತ್ರ ಅನ್ನುವವರು ಗಡಿಯಾರ ನೋಡಿ. ಚಟ್ನಿ ರುಬ್ಬುವಾಗ ಚರಚರ ಅಂದರೆ ಮಿಕ್ಸಿಯೊಳಗಿನ ಬ್ರಷ್ಷಿನ ಕಿಡಿ. ಟಪ್ ಅಂತ ಒಂದೇ ಸಲ ಅಂದರೆ ಫ್ರಿಜ್ಜು ಅಥವಾ ಬೋರ್‌ವೆಲ್ ಸ್ಟಾರ್ಟರು. ಫ್ಯಾನನ್ನು ಎರಡಕ್ಕೋ ಮೂರಕ್ಕೋ ಇಟ್ಟಾಗ ಮಾತ್ರ ಜರ್ ಅಂದರೆ ರೆಗ್ಯುಲೇಟರು. ಕರೆಂಟು ಹೋಗಿ ಯುಪಿಎಸ್ ಮೇಲೆ ಓಡುವಾಗ ಸ್ಪೀಕರು ಒರಟಾಗಿ ಬುರ್ ಅಂದು, ಫ್ಯಾನು ಕೂಡ ಮುಲುಗಿದರೆ, ನಿಮ್ಮದು ಸ್ಕ್ವೇರ್ ವೇವ್ ಯುಪಿಎಸ್ ಇರಬೇಕು. ಸೈನ್ ವೇವ್ ಅನ್ನುವುದರಲ್ಲಿ ಈ ಕಾಟ ಇರುವುದಿಲ್ಲ. ಬದಲಾಯಿಸುವ ಕಾಲ ಬಂದಾಗ ಅದನ್ನು ಕೇಳಿ ತಗೊಳ್ಳಿ, ಅದಕ್ಕಾಗಿಯೇ ಈಗ ದುಡ್ಡು ಚೆಲ್ಲಬೇಡಿ. ಯುಪಿಎಸ್ ಲೈನಿನ ಸಾಕೆಟ್ಟಿಗೆ ಅರ್ತ್ ವೈರನ್ನೇ ಎಳೆಯದೆ ಬಿಟ್ಟಿರುವ ಮನೆಗಳೂ ಉಂಟು. ಮೂರು ತೂತು ಇದೆ ಅಂದ ಮಾತ್ರಕ್ಕೆ ಮೂರನೆಯದರ ಹಿಂದೆ ವೈರು ಇದೆ ಅಂತ ಏನಿಲ್ಲ. ವೈರಿಂಗ್‌ನವರು ಬಂದಾಗ ಅದೊಂದು ನೋಡಿಸಿ.

ಸೌಂಡು ಸೊನ್ನೆಗೆ ಇಳಿಸಿದರೂ, ವೈರೆಲ್ಲ ಕಿತ್ತರೂ ಸ್ಪೀಕರು ಗುಂಯ್ ಅನ್ನುತ್ತಲೇ ಇದ್ದರೆ, ಅದೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದರೆ, ಒಳಗಿನ ಕೆಪಾಸಿಟರುಗಳು ಒಣಗಿರಬಹುದು. ಬಿಸಿಗೆ ಅವು ಬೇಗ ಒಣಗುತ್ತವೆ. ಅದಕ್ಕೇ ಪೆಟ್ಟಿಗೆಯ ಮೇಲೆ ಕ್ರೋಶಾ ಬಟ್ಟೆ ಹೊದಿಸಿ, ಅದರ ಮೇಲೆ ಹೂದಾನಿ ಇಟ್ಟು ಸಿನಿಮಾ ನೋಡಬೇಡಿ. ಆಫ್ ಆಗಿ ತಣ್ಣಗಾದ ಮೇಲೆ ಬೇಕಾದರೆ ಹೊದಿಸಿ. ರಿಪೇರಿ ತಿಳಿದವರ ಕೈಗೇ ಕೊಡಿ. ಪ್ಲಗ್ಗು ಕಿತ್ತಿದೆ ಅಂತ ಮಕ್ಕಳು ಮುಚ್ಚಳ ಬಿಚ್ಚುವುದು ಬೇಡವೇ ಬೇಡ, ಕಿತ್ತ ಮೇಲೂ ಕೆಪಾಸಿಟರು ಕರೆಂಟು ಹಿಡಿದಿಟ್ಟುಕೊಂಡಿರುತ್ತದೆ.

ಇನ್ನು ಅರ್ತ್ ಗುಂಡಿ. ಅರ್ತ್ ಇಲ್ಲದಿದ್ದರೆ ಅನರ್ಥ ಅಂತ ಅಣ್ಣ ನಗುತ್ತಾ ಹೇಳಿದರೂ, ಗುಂಡಿ ಎಲ್ಲಿದೆ ಅಂತ ಕೇಳಿದಾಗ ನಮ್ಮ ಮನೆಯವರಿಗೇ ಗೊತ್ತಿರಲಿಲ್ಲ. ನಮ್ಮತ್ತೆಗೆ ಗೊತ್ತಿತ್ತು, ಕರಿಬೇವಿನ ಗಿಡದ ಬುಡದಲ್ಲಿ ಅಂತ ತೋರಿಸಿದರು. ನಮ್ಮ ಹಿಂದಿನವರು ಮಾಡುತ್ತಿದ್ದ ಅರ್ತ್ ಗುಂಡಿ ಒಂದು ಅಡುಗೆಯೇ. ಎರಡೂವರೆ ಮೀಟರಿಗೆ ಕಡಿಮೆಯಿಲ್ಲದ ಜಿಐ ಪೈಪನ್ನು ನೆಟ್ಟಗೆ ಇಳಿಸುವುದು, ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ, ಮತ್ತೆ ಇದ್ದಿಲು, ಮತ್ತೆ ಉಪ್ಪು. ಇದ್ದಿಲು ತೇವ ಹಿಡಿದಿಡುತ್ತದೆ, ಉಪ್ಪುನೀರು ಕರೆಂಟಿಗೆ ದಾರಿ ಬಿಡುತ್ತದೆ. ಒಣಗಿದರೆ ಎರಡೂ ದಂಡ. ನಮ್ಮ ತುಮಕೂರು ಸೀಮೆಯ ಬೇಸಗೆ ನಿಮಗೆ ಗೊತ್ತೇ ಇದೆ. ಮಾರ್ಚಿನಿಂದ ಮಳೆ ಹಿಡಿಯುವ ತನಕ ವಾರಕ್ಕೆರಡು ಸಲ ಒಂದು ಬಿಂದಿಗೆ ನೀರು ಆ ಗುಂಡಿಗೆ ಹಾಕಿ. ಅಕ್ಕಿ ತೊಳೆದ ನೀರಾದರೂ ಸರಿಯೇ. ನೀರು ಹಾಕುವಾಗ ಪೈಪು, ವೈರು ಮುಟ್ಟಬೇಡಿ. ಉಪ್ಪು ಪೈಪನ್ನು ವರ್ಷಗಟ್ಟಲೆ ತಿನ್ನುತ್ತಲೂ ಇರುತ್ತದೆ, ಆದ್ದರಿಂದ ಹಳೆಯ ಗುಂಡಿಯಾದರೆ ವೈರು ಪೈಪಿಗೆ ಸೇರುವ ಬೋಲ್ಟು ತುಕ್ಕು ಹಿಡಿದು ಉದುರಿದೆಯಾ ಅಂತ ನೋಡಿಸಬೇಕು. ನಮ್ಮದು ಉದುರಿತ್ತು. ಹೊಸ ಗುಂಡಿ ತೋಡಿಸಿದೆವು. ಅರ್ತಿಂಗಿಗೆ ಐಎಸ್ ೩೦೪೩ ಅಂತ ಸರಕಾರದ ಮಾನಕವೇ ಇದೆ, ಲೈಸೆನ್ಸ್ ಇರುವ ಕಂಟ್ರಾಕ್ಟರಿಗೆ ಆ ನಂಬರು ಹೇಳಿದರೆ ಸಾಕು, ನೀವು ತಿಳಿದವರು ಅಂತ ಗೊತ್ತಾಗಿ ಕೆಲಸ ನೆಟ್ಟಗೆ ಮಾಡುತ್ತಾರೆ. ಮುಗಿದ ಮೇಲ��� ಮೀಟರಿಟ್ಟು ಎಷ್ಟು ಓಮ್ ಬಂತು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಜೊತೆಗೆ ಮೇನ್ ಬೋರ್ಡಿನಲ್ಲಿ ೩೦ ಮಿಲಿ ಆಂಪಿಯರಿನ ಆರ್‌ಸಿಸಿಬಿ ಒಂದನ್ನು ಹಾಕಿಸಿ. ಕರೆಂಟು ದಾರಿ ತಪ್ಪಿ ಯಾರ ಮೈಯ ಮೂಲಕವಾದರೂ ನೆಲಕ್ಕೆ ಹರಿಯತೊಡಗಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದು ಹಾಕುತ್ತದೆ. ಅದರ ಮೇಲೆ ಟೆಸ್ಟ್ ಅಂತ ಒಂದು ಗುಂಡಿ ಇರುತ್ತದೆ, ಆಗಾಗ ಒತ್ತಿ ನೋಡಬೇಕು. ನಾನು ಅಮಾವಾಸ್ಯೆಗೊಮ್ಮೆ ಒತ್ತುತ್ತೇನೆ, ನೆನಪಿಗೆ ಸುಲಭ.

ಜಾಗ ಉಳಿದಿರುವುದರಿಂದ ಇನ್ನೆರಡು ಕಾಗದಗಳಿಗೆ ಇಲ್ಲೇ ಉತ್ತರ. ಕುಣಿಗಲ್ಲಿನ ಸೋದರಿ, ನಿಮ್ಮ ಮನೆಯಲ್ಲಿ ಗುಂಯ್ ಬರುವಾಗ ದೀಪಗಳೂ ಒಮ್ಮೆ ಜೋರು ಒಮ್ಮೆ ಮಂದ ಆಗುತ್ತವೆ ಅಂತ ಬರೆದಿದ್ದೀರಿ. ಅದು ಹೋಂ ಥಿಯೇಟರಿನ ವಿಷಯವಲ್ಲ. ನ್ಯೂಟ್ರಲ್ ವೈರು ಸಡಿಲವಾಗಿರಬಹುದು, ಟೀವಿ ಫ್ರಿಜ್ಜು ಎಲ್ಲಾ ಸುಟ್ಟಾವು. ಮೇನ್ ಆಫ್ ಮಾಡಿ ಬೆಸ್ಕಾಂನ ೧೯೧೨ಕ್ಕೆ ಫೋನ್ ಮಾಡಿ. ತಿಪಟೂರಿನವರು ತಟ್ಟೆ ಇಡ್ಲಿಗೆ ಅವಲಕ್ಕಿ ಹಾಕಬೇಕೋ ಸಬ್ಬಕ್ಕಿ ಹಾಕಬೇಕೋ ಅಂತ ಕೇಳಿದ್ದಾರೆ. ನಮ್ಮ ಮನೆಯಲ್ಲಿ ನಾಲ್ಕು ಪಾವು ಇಡ್ಲಿ ಅಕ್ಕಿಗೆ ಒಂದು ಪಾವು ಉದ್ದು, ಅರ್ಧ ಪಾವು ಸಬ್ಬಕ್ಕಿ, ರುಬ್ಬುವ ಕೊನೆಗೆ ಒಂದು ಹಿಡಿ ಅವಲಕ್ಕಿ, ಎರಡೂ ಹಾಕುತ್ತೇವೆ. ಹಿಟ್ಟು ಸಾಮಾನ್ಯ ಇಡ್ಲಿಗಿಂತ ಒಂದು ಸುತ್ತು ತೆಳ್ಳಗಿರಲಿ.